ಎಡಿನ್‌ಬರೋದ ಸೋಮವಾರ, ಬನಹಟ್ಟಿಯ ಅಮಾವಾಸ್ಯೆ

ಜಮಖಂಡಿ: ಗಂಟು ಮತ್ತು ಪೆನ್ಸಿಲ್

ಪರದೇಶಕ್ಕೆ ಹೋಗಿ ಬಂದವರು ಕೋಟೆ ನೋಡಿದೆವು, ಅರಮನೆ ನೋಡಿದೆವು ಎನ್ನುತ್ತಾರೆ. ಎಡಿನ್‌ಬರೋದ ಕೋಟೆಯನ್ನು ನಾನೂ ನೋಡಿದೆ. ಗುಡ್ಡದ ಮೇಲಿದೆ, ಚೆನ್ನಾಗಿದೆ. ಆದರೆ ಆ ಊರಿನ ಹೆಸರು ಕೇಳಿದರೆ ನನಗೆ ಮೊದಲು ನೆನಪಾಗುವುದು ಒಂದು ಗ್ರಂಥಾಲಯದ ಕಿಟಕಿ ಪಕ್ಕದ ಮೇಜು ಮತ್ತು ನನ್ನ ಕೈಯಲ್ಲಿದ್ದ ಎರಡು ಬಣ್ಣದ ಪೆನ್ಸಿಲ್. ಆ ಪೆನ್ಸಿಲಿನ ಕಥೆಯನ್ನು ಜಮಖಂಡಿಯಿಂದಲೇ ಶುರು ಮಾಡಬೇಕು.

ಇದು ಎಂಬತ್ತರ ದಶಕದ ಮಾತು. ನಾನು ಬನಹಟ್ಟಿಯಲ್ಲಿ ಡಾಕ್ಟರಾಗಿದ್ದೆ. ವೈದ್ಯಕೀಯ ಕಾಲೇಜಿನಿಂದ ಹೌಸ್ ಸರ್ಜನ್ ವಿದ್ಯಾರ್ಥಿಗಳು ಹಳ್ಳಿಯ ಅನುಭವಕ್ಕೆಂದು ಕೆಲವು ತಿಂಗಳು ನಮ್ಮ ಕಡೆ ಬರುತ್ತಿದ್ದರು. ಅವರಿಗೆ ಕಲಿಸುವ ಹೊಣೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿದ್ದ ನಮ್ಮಂಥ ಕೆಲವು ಡಾಕ್ಟರರದು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಜಮಖಂಡಿಯ ದೇಸಾಯಿ ಡಾಕ್ಟರು. ಅವರು ಲಂಡನ್ನಿನಿಂದ ಒಂದು ವೈದ್ಯಕೀಯ ವಾರಪತ್ರಿಕೆ ತರಿಸುತ್ತಿದ್ದರು. ಅದು ಹಡಗಿನಲ್ಲಿ ಬರುತ್ತಿತ್ತು. ಯುಗಾದಿಯ ಸಂಚಿಕೆ ನಾಗರಪಂಚಮಿಗೆ ಸಿಕ್ಕರೆ ಬೇಗ ಬಂತು ಎಂದು ನಾವು ಹಿಗ್ಗುತ್ತಿದ್ದೆವು.

ಬಂದ ಸಂಚಿಕೆಗಳನ್ನು ದೇಸಾಯಿಯವರು ಹಳೆಯ ರಬಕವಿ ಸೀರೆಯ ತುಂಡಿನಲ್ಲಿ ಕಟ್ಟಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಗಂಟು ಒಂದು ವಾರ ನಮ್ಮ ಬನಹಟ್ಟಿಯಲ್ಲಿ, ಇನ್ನೊಂದು ವಾರ ಮುಧೋಳದಲ್ಲಿ, ಕೊನೆಗೆ ಬೀಳಗಿಯಲ್ಲಿ ಇದ್ದು ಜಮಖಂಡಿಗೆ ಮರಳುತ್ತಿತ್ತು. ಕಂಡಕ್ಟರುಗಳು ಅದನ್ನು ‘ಡಾಕ್ಟರ ಗಂಟು’ ಎಂದು ಕರೆದು ತಮ್ಮ ಸೀಟಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಒಮ್ಮೆ ಮಾತ್ರ ಅದು ಕೋಳಿ ಬುಟ್ಟಿಯ ಜೊತೆ ಅನಗವಾಡಿಯಲ್ಲಿ ಇಳಿದುಹೋಗಿತ್ತು. ಎರಡು ದಿನದಲ್ಲಿ ವಾಪಸು ಬಂತು. ಕೋಳಿ ಏನಾಯಿತೋ ಗೊತ್ತಿಲ್ಲ.

ಗಂಟಿನ ಜೊತೆ ಒಂದು ಪೆನ್ಸಿಲ್ ಇರುತ್ತಿತ್ತು. ಒಂದು ತುದಿ ಕೆಂಪು, ಇನ್ನೊಂದು ನೀಲಿ. ಲೇಖನ ಓದಿದವರು ಸುಮ್ಮನೆ ಮುಂದಕ್ಕೆ ಕಳಿಸುವಂತಿರಲಿಲ್ಲ. ಅಲ್ಲಿ ಹೇಳಿದ್ದು ನಮ್ಮ ರೋಗಿಗಳಲ್ಲಿ ಕಂಡಿದ್ದರೆ ಅಂಚಿನಲ್ಲಿ ನೀಲಿಯಿಂದ ‘ನಮ್ಮಲ್ಲಿ ಹೌದು’ ಎಂದು ಬರೆಯಬೇಕು. ಕಾಣದಿದ್ದರೆ ಕೆಂಪಿನಿಂದ ‘ನಮ್ಮಲ್ಲಿ ಇಲ್ಲ’. ಕೆಳಗೆ ಸಹಿ. ಮುಂದಿನ ಊರಿನವರು ಅದರ ಕೆಳಗೆ ತಮ್ಮ ಸಹಿ ಹಾಕಬೇಕು. ಇದು ದೇಸಾಯಿಯವರ ಕಟ್ಟಪ್ಪಣೆ. ಹೌಸ್ ಸರ್ಜನ್ ಹುಡುಗರಿಗೆ ಇದೇ ನಮ್ಮ ಪಾಠಶಾಲೆ.

ಹೀಗಿರುವಾಗ ಕಾಲೇಜಿನ ಪ್ರಿನ್ಸಿಪಾಲರಿಂದ ಒಂದು ಪತ್ರ ಬಂತು. ಹಳ್ಳಿಗೆ ಹೋದ ವಿದ್ಯಾರ್ಥಿಗಳು ಏನು ಓದುತ್ತಾರೆ ಎಂಬುದಕ್ಕೆ ಲೆಕ್ಕವೇ ಇಲ್ಲ, ವಿದ್ಯಾರ್ಥಿಗಳಿಗೂ ಅವರ ಶಿಕ್ಷಕರಿಗೂ ಶಿಫಾರಸು ಮಾಡುವ ಪತ್ರಿಕೆಗಳ ಪಟ್ಟಿಯನ್ನೂ ಅವನ್ನು ಓದಿಸುವ ಕ್ರಮವನ್ನೂ ದಸರೆಯೊಳಗೆ ಒಪ್ಪಿಸಬೇಕು, ಇಲ್ಲದಿದ್ದರೆ ಹುಡುಗರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಲಾಗುವುದು ಎಂದಿತ್ತು. ಹುಡುಗರು ಹೋದರೆ ನಾಲ್ಕು ಊರಿನ ಆಸ್ಪತ್ರೆಗಳಲ್ಲಿ ಅರ್ಧ ಕೈಗಳು ಹೋದ ಹಾಗೆ. ಗಂಟು ಕೂಡ ಅಲ್ಲಿಗೆ ಮುಗಿಯುತ್ತಿತ್ತು. ಅದೇ ತಿಂಗಳು, ನಾನು ಅರ್ಜಿ ಹಾಕಿ ಮರೆತೇ ಬಿಟ್ಟಿದ್ದ ಎಡಿನ್‌ಬರೋದ ತರಬೇತಿಗೆ ಕರೆ ಬಂತು. ವಿಷಯ: ವೈದ್ಯ ವಿದ್ಯಾರ್ಥಿಗಳಿಗೆ ಪತ್ರಿಕೆ ಓದಿಸುವುದು ಹೇಗೆ. ಆರು ವಾರ. ಪತ್ರ ಹಿಡಿದುಕೊಂಡು ನಾನು ದೇಸಾಯಿಯವರ ದವಾಖಾನೆಗೆ ಹೆಚ್ಚುಕಡಿಮೆ ಓಡಿದೆ.

ಅವರು ಕನ್ನಡಕ ಮೇಲೇರಿಸಿ ಎರಡು ಸಲ ಓದಿದರು. “ಪದ್ಮಾ, ಪಟ್ಟಿ ಅಷ್ಟ ತಂದು ಸುಮ್ಮನಾಗಬ್ಯಾಡ. ನಮ್ಮ ಗಂಟೂ ಒಯ್ದು ಅವರಿಗೆ ತೋರಿಸು. ಅವರು ಬರದದ್ದನ್ನ ಕಣ್ಣ ಮುಚ್ಚಿ ನುಂಗೂ ಮಂದಿ ಅಲ್ಲ ನಾವು ಅಂತ ಅವರಿಗೂ ತಿಳೀಲಿ.”

“ಯಾವ ಸಂಚಿಕಿ ಒಯ್ಯಲಿರಿ?”

“ನಿನ್ನ ಕೆಂಪು ಗುರುತಿಂದು. ಹತ್ತಿ ಧೂಳಿಂದು.”

ಆ ಗುರುತಿನ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ. ಒಂದು ಸಂಚಿಕೆಯಲ್ಲಿ ಹತ್ತಿ ಗಿರಣಿಯ ಕೆಲಸಗಾರರ ಎದೆ ಕಾಯಿಲೆಯ ಬಗ್ಗೆ ಅರ್ಧ ಪುಟದ ಸಾರಾಂಶ ಬಂದಿತ್ತು. ಹತ್ತಿಯ ಧೂಳಿನಿಂದ ಅವರಿಗೆ ಎದೆ ಬಿಗಿಯುತ್ತದೆ, ಅದು ಸೋಮವಾರ ಹೆಚ್ಚು, ಇದೇ ಈ ಕಾಯಿಲೆಯ ಗುರುತು ಎಂದು ಅದರಲ್ಲಿತ್ತು. ನಮ್ಮ ಬನಹಟ್ಟಿ ತುಂಬ ಮಗ್ಗಗಳೇ. ನಾನು ಆಗ ನನ್ನ ಬಳಿಯಿದ್ದ ಹೌಸ್ ಸರ್ಜನ್ ಬಸವರಾಜನನ್ನು ಮಗ್ಗದ ಮನೆಗಳಿಗೆ ಕಳಿಸಿ, ಕೆಮ್ಮುವವರನ್ನೆಲ್ಲ ಕೇಳಿಸಿದೆ. ಅವನು ಮೂರು ದಿನ ಓಣಿ ಓಣಿ ತಿರುಗಿ ಬಂದ.

“ಎಲ್ಲಾರನ್ನೂ ಕೇಳೇನ್ರಿ ಮೇಡಂ. ಸೋಮಾರ ಎದಿ ಬಿಗಿತೈತೇನು ಅಂದ್ರ ಒಬ್ಬರೂ ಹೂಂ ಅನವಲ್ರು.”

ಅವನ ಮಾತು ಸಾಲದೆಂದು ನಾನೇ ಗಂಗವ್ವನನ್ನು ಕೇಳಿದೆ. ಗಂಗವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಹೆಂಗಸು. ಕೆಮ್ಮಿನ ಔಷಧಕ್ಕೆಂದು ಎರಡು ವರ್ಷದಿಂದ ನನ್ನ ಹತ್ತಿರ ಬರುತ್ತಿದ್ದಳು. “ಸೋಮಾರ ಏನ ಆಗತೈತ್ರಿ ಅಕ್ಕಾರ? ಸೋಮಾರ ಛಲೋನ ಇರತೇನಿ” ಎಂದಳು. ಮುಗಿಯಿತಲ್ಲ. ನಾನು ಕೆಂಪು ತುದಿಯಿಂದ ದಪ್ಪಗೆ ‘ನಮ್ಮಲ್ಲಿ ಇಲ್ಲ, ಕೇಳಿ ನೋಡಿದೆ’ ಎಂದು ಬರೆದು ಸಹಿ ಹಾಕಿದೆ. ಗಂಟು ಸುತ್ತಿ ಬಂದಾಗ ಅದರ ಕೆಳಗೆ ಉಳಿದ ಮೂರೂ ಊರಿನ ಸಹಿಗಳು ಬಿದ್ದಿದ್ದವು. ಗಂಗವ್ವನಿಗೆ ಅದೇ ಕೆಮ್ಮಿನ ಔಷಧ ಮುಂದುವರಿಯಿತು.

ಹೊರಡುವ ದಿನ ಬಸ್ಸು ನನ್ನ ತವರೂರು ತೇರದಾಳದಲ್ಲಿ ನಿಂತಾಗ ಅವ್ವ ರಸ್ತೆಗೇ ಬಂದಿದ್ದಳು. ನಮ್ಮದು ಜೈನರ ಮನೆ. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಅವ್ವ ಕಿಟಕಿಯೊಳಗಿಂದ ಕಡಕ್ ರೊಟ್ಟಿಯ ಡಬ್ಬಿ ಮತ್ತು ಶೇಂಗಾ ಚಟ್ನಿ ತುರುಕಿ, “ಪರದೇಶಕ್ಕರ ಹೋಗು, ಚಂದ್ರಲೋಕಕ್ಕರ ಹೋಗು. ಹೊತ್ತು ಮುಳುಗಿದ ಮ್ಯಾಲೆ ಬಾಯಾಗ ಏನೂ ಹಾಕಬ್ಯಾಡ” ಎಂದಳು. ಆಣೆ ಮಾಡಿದೆ. ಕುಡಚಿಯಲ್ಲಿ ರೈಲು ಹತ್ತಿದಾಗ ಸಣ್ಣ ಹುಡುಗಿಯ ಹಾಗೆ ಕಿಟಕಿ ಪಕ್ಕದ ಸೀಟಿಗೆ ನುಗ್ಗಿದೆ.

ಲಂಡನ್: ಕಸ್ಟಮ್ಸ್ ಮೇಜು

ವಿಮಾನದಿಂದ ಇಳಿದು ಸಾಲಿನಲ್ಲಿ ನಿಂತೆ. ಇಂಗ್ಲಿಷರ ಸಾಲು ಒಂದು ನೋಡುವ ವಸ್ತು. ಮುಂದಿನವರಿಗೂ ಹಿಂದಿನವರಿಗೂ ನಡುವೆ ಒಂದು ಎಮ್ಮೆ ನಿಲ್ಲುವಷ್ಟು ಜಾಗ. ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಆ ಜಾಗದಲ್ಲಿ ಒಂದು ಸಂಸಾರವೇ ತೂರಿಕೊಳ್ಳುತ್ತಿತ್ತು. ಅಭ್ಯಾಸಬಲದಿಂದ ನಾನು ಮುಂದಿನ ಮುದುಕನ ಬೆನ್ನಿಗೆ ಹತ್ತಿ ನಿಂತೆ. ಅವನು ಒಂದು ಹೆಜ್ಜೆ ಮುಂದೆ ಸರಿದ. ನಾನೂ ಸರಿದೆ. ಹೀಗೆ ನಾವಿಬ್ಬರೂ ಬೇರೆಯವರಿಗಿಂತ ಬೇಗ ಮೇಜಿನ ಹತ್ತಿರ ಬಂದೆವು.

ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿದ. ಚಟ್ನಿಪುಡಿಯ ಡಬ್ಬಿಯನ್ನು ಮೂಸಿ, ಮುಖ ಕೆಂಪಾಗಿ, ಥಟ್ಟನೆ ಮುಚ್ಚಿದ. ಆಮೇಲೆ ಸೀರೆ ತುಂಡಿನ ಗಂಟು ಬಿಚ್ಚಿದ. ಒಳಗಿದ್ದದ್ದು ಅವನ ಊರಲ್ಲೇ ಅಚ್ಚಾದ ಹಳೆಯ ಪತ್ರಿಕೆಗಳು. ಮೂಲೆ ಮಡಚಿ, ಎಣ್ಣೆ ಹತ್ತಿ, ಅಂಚು ತುಂಬ ಕೆಂಪು ನೀಲಿ ಅಕ್ಷರಗಳು.

“ಇವನ್ನು ನಮಗೆ ವಾಪಸು ಕೊಡಲು ಬಂದಿದ್ದೀರಾ?” ಎಂದು ಕೇಳಿದ.

“ಇಲ್ಲ, ನಾವು ಇವನ್ನು ತಿದ್ದಿದ್ದೇವೆ. ತೋರಿಸಲು ತಂದಿದ್ದೇನೆ” ಎಂದೆ.

ಅವನು ನನ್ನನ್ನು ಒಂದು ಸಲ, ಕೆಂಪು ಅಕ್ಷರಗಳನ್ನು ಒಂದು ಸಲ ನೋಡಿ, ನನ್ನ ಪಾಸ್‌ಪೋರ್ಟನ್ನು ಬಹಳ ಮರ್ಯಾದೆಯಿಂದ ಮರಳಿಸಿದ. ನಾನು ತಲೆ ಎತ್ತಿಕೊಂಡು ನಡೆದೆ. ಆ ಕ್ಷಣದಲ್ಲಿ ನನ್ನಷ್ಟು ಜಂಬದವಳು ಆ ವಿಮಾನ ನಿಲ್ದಾಣದಲ್ಲಿ ಇರಲಿಲ್ಲ.

ಎಡಿನ್‌ಬರೋ: ಮೊದಲ ಭಾನುವಾರ

ನನಗೆ ಕೋಣೆ ಕೊಟ್ಟಿದ್ದು ಮಿಸೆಸ್ ರಾಬರ್ಟ್‌ಸನ್ ಎಂಬ ವಿಧವೆ. ಅರವತ್ತು ದಾಟಿದವರು, ಗಟ್ಟಿಮುಟ್ಟು, ಮಾತು ಕಡಿಮೆ. ಸಂಜೆ ಐದೂವರೆಗೆ ಊಟ ಎಂದು ಅವರು ಹೇಳಿದಾಗ ನನಗೆ ಕುಣಿಯಬೇಕೆನಿಸಿತು. ಬೊಂಬಾಯಿಯ ನೆಂಟರ ಮನೆಯಲ್ಲೂ ಸಿಗದ ಜೈನರ ಹೊತ್ತು ಸ್ಕಾಟ್ಲೆಂಡಿನಲ್ಲಿ ಸಿಕ್ಕಿತ್ತು. ತಟ್ಟೆಯಲ್ಲಿ ಬೇಯಿಸಿದ ಬಟಾಟಿ, ಬೇಯಿಸಿದ ಬಟಾಣಿ, ಉಪ್ಪು ಬೇರೆ. ನಾನು ಚಟ್ನಿಪುಡಿ ಉದುರಿಸಿಕೊಂಡು ತಿಂದೆ. ಗಡ್ಡೆ ತಿನ್ನುವುದು ನಮ್ಮ ಮನೆಯ ರೂಢಿಯಲ್ಲ, ಆದರೆ ಆ ವ್ರತವನ್ನು ನಾನು ಹಾಸ್ಟೆಲ್ಲಿನಲ್ಲೇ ಮುರಿದಾಗಿತ್ತು. ಅವ್ವನಿಗೆ ಆಣೆ ಮಾಡಿದ್ದು ಹೊತ್ತಿನ ಬಗ್ಗೆ ಮಾತ್ರ.

ಹೊತ್ತು ಮಾತ್ರ ಅಲ್ಲಿ ಮುಳುಗುವುದೇ ಇಲ್ಲ. ಜೂನ್ ತಿಂಗಳು. ಗಂಟೆ ಒಂಬತ್ತಾದರೂ ಬಿಸಿಲು ಗೋಡೆಯ ಮೇಲೆ ಕೂತೇ ಇರುತ್ತದೆ. ಐದೂವರೆಗೆ ಉಂಡ ಬಟಾಟಿ ಎಂಟಕ್ಕೆಲ್ಲ ಕರಗಿ, ನಾನು ಕಿಟಕಿಯ ಹತ್ತಿರ ಸೂರ್ಯನನ್ನು ನೋಡುತ್ತಾ ಕಡಕ್ ರೊಟ್ಟಿ ಮುರಿಯುತ್ತಿದ್ದೆ. ಮಿಸೆಸ್ ರಾಬರ್ಟ್‌ಸನ್ ಒಂದು ದಿನ ಬಾಗಿಲಲ್ಲಿ ನಿಂತು, ಏನಾದರೂ ಒಡೆಯಿತೇ ಎಂದು ಕೇಳಿದರು. ರೊಟ್ಟಿಯ ಸದ್ದು ಕೆಳಗಿನ ಮನೆವರೆಗೂ ಕೇಳಿತ್ತು. ಅವರಿಗೂ ಒಂದು ಚೂರು ಕೊಟ್ಟೆ. ಬಹಳ ಹೊತ್ತು ಅಗಿದು, “ಆರೋಗ್ಯಕ್ಕೆ ಒಳ್ಳೆಯದೇ ಇರಬೇಕು” ಎಂದರು.

ಮೊದಲ ಭಾನುವಾರ ನನ್ನಿಂದ ಒಂದು ಅಪರಾಧವಾಯಿತು. ಅವರು ಚರ್ಚಿಗೆ ಹೋಗಿದ್ದಾಗ ನಾನು ಬಟ್ಟೆ ಒಗೆದು, ಹಿತ್ತಲಿನ ಹಗ್ಗದ ಮೇಲೆ ಆರು ಗಜದ ಕೆಂಪಂಚಿನ ಸೀರೆಯನ್ನು ಈ ಕಂಬದಿಂದ ಆ ಕಂಬಕ್ಕೆ ಹರವಿದೆ. ಗಾಳಿಗೆ ಅದು ಪಟಪಟ ಹಾರುತ್ತಿತ್ತು. ಅಕ್ಕಪಕ್ಕದ ಮನೆಗಳ ಪರದೆಗಳು ಸ್ವಲ್ಪ ಸರಿದು ಮುಚ್ಚಿಕೊಂಡವು. ಸೀರೆ ಅವರಿಗೆ ಇಷ್ಟವಾಗಿರಬೇಕೆಂದು ನಾನು ಕೈ ಬೀಸಿದೆ. ಮಿಸೆಸ್ ರಾಬರ್ಟ್‌ಸನ್ ಮರಳಿ ಬಂದವರು ಟೋಪಿಯನ್ನೂ ತೆಗೆಯದೆ ಹಿತ್ತಲಿಗೆ ನಡೆದು, ಸೀರೆ ಮಡಚಿ ನನ್ನ ಕೈಗೆ ಕೊಟ್ಟರು.

“ಇವತ್ತು ಭಾನುವಾರ, ಡಾಕ್ಟರ್. ಈ ಬೀದಿಯಲ್ಲಿ ಭಾನುವಾರ ಯಾರೂ ಬಟ್ಟೆ ಒಣಗಿಸುವುದಿಲ್ಲ.”

“ಮತ್ತೆ ಯಾವಾಗ ಒಣಗಿಸುತ್ತಾರೆ?”

“ಸೋಮವಾರ. ಭಾನುವಾರ ಎಲ್ಲವೂ ನಿಲ್ಲುತ್ತದೆ. ಅದಕ್ಕೇ ಸೋಮವಾರ ಎಲ್ಲರಿಗೂ ಭಾರ.”

ಮರುದಿನ ಬೆಳಿಗ್ಗೆ ನೋಡಿದರೆ ಬೀದಿಯ ಅಷ್ಟೂ ಹಿತ್ತಲುಗಳಲ್ಲಿ ಬಿಳಿ ಹೊದಿಕೆಗಳು ತೂಗುತ್ತಿದ್ದವು. ನನಗೆ ಬಹಳ ಮೋಜೆನಿಸಿತು. ಅವ್ವನಿಗೆ ಕಾಗದ ಬರೆಯುತ್ತಾ, ‘ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಹಾಗೆ, ಅಮಾವಾಸ್ಯೆಗೆ ಬನಹಟ್ಟಿಯಲ್ಲಿ ಮಗ್ಗ ನಿಲ್ಲಿಸುವ ಹಾಗೆ, ಇಲ್ಲಿ ಭಾನುವಾರ ಹಗ್ಗಕ್ಕೂ ರಜೆ’ ಎಂದು ತಮಾಷೆಯಾಗಿ ಬರೆದೆ. ನನ್ನ ಕೈಯಿಂದಲೇ ಬರೆದೆ. ಆದರೂ ತಲೆಗೆ ಹೋಗಲಿಲ್ಲ.

ಗ್ರಂಥಾಲಯ: ಕಿಟಕಿ ಪಕ್ಕದ ಮೇಜು

ನಮ್ಮ ತರಬೇತಿಯ ಗುರು ಡಾಕ್ಟರ್ ಮೆಕೇ. ಉದ್ದ ಕಾಲಿನ, ಸೈಕಲ್ ಮೇಲೆ ಬರುವ ಮನುಷ್ಯ. ಕೀನ್ಯಾ, ಶ್ರೀಲಂಕಾ, ಮಲೇಷ್ಯಾ, ಹೀಗೆ ಬೇರೆ ಬೇರೆ ದೇಶಗಳಿಂದ ಬಂದ ಹನ್ನೆರಡು ಶಿಕ್ಷಕರು ಸುತ್ತಲೂ ಕೂತುಕೊಳ್ಳುತ್ತಿದ್ದೆವು. ಅವರು ಭಾಷಣ ಮಾಡುತ್ತಿರಲಿಲ್ಲ. ವಿದ್ಯಾರ್ಥಿಯ ಜೊತೆ ಶಿಕ್ಷಕನೂ ಅದೇ ಲೇಖನವನ್ನು ಓದಿಕೊಂಡು ಬರಬೇಕು, ವಾರಕ್ಕೆ ಒಂದೇ ಸಾಕು, ಆದರೆ ಪೂರ್ತಿ ಓದಬೇಕು ಎನ್ನುತ್ತಿದ್ದರು. ಮೂರನೆಯ ವಾರದ ಶುಕ್ರವಾರ ನಮ್ಮಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ವಿದ್ಯಾರ್ಥಿಗಳು ಹೇಗೆ ಓದುತ್ತಾರೆಂದು ಒಂದು ಉದಾಹರಣೆ ತೋರಿಸಬೇಕಿತ್ತು. ಅವರಿಗೆ ಅದು ಒಪ್ಪಿಗೆಯಾದರೆ, ಕೊನೆಗೆ ನಾವು ಸಿದ್ಧಪಡಿಸುವ ಪಟ್ಟಿಯ ಮೇಲೆ ಅವರ ಸಹಿ. ಆ ಸಹಿಯೇ ನಮ್ಮ ಪ್ರಿನ್ಸಿಪಾಲರಿಗೆ ನಾನು ಒಯ್ಯಬೇಕಾಗಿದ್ದ ವಸ್ತು. ನನ್ನ ಉದಾಹರಣೆ ಗಂಟಿನಲ್ಲಿ ಸಿದ್ಧವಿತ್ತಲ್ಲ. ನಾನು ಶುಕ್ರವಾರಕ್ಕೆ ದಿನ ಎಣಿಸುತ್ತಿದ್ದೆ.

ಬುಧವಾರ, ಸಾರಾಂಶವನ್ನಷ್ಟೇ ಏಕೆ ತೋರಿಸಬೇಕು, ಮೂಲ ಲೇಖನವೂ ಇರಲಿ ಎಂದು ಗ್ರಂಥಾಲಯಕ್ಕೆ ಹೋದೆ. ಅಲ್ಲಿನ ಗ್ರಂಥಪಾಲಕಿ ಮಿಸ್ ಗಿಬ್ಸನ್, ಬೂದು ಸ್ವೆಟರಿನ ಸಣ್ಣ ಹೆಂಗಸು. ಕಪಾಟುಗಳ ನಡುವೆ ಆಕೆ ನಡೆದರೆ ಹೆಜ್ಜೆ ಸಪ್ಪಳವೇ ಇಲ್ಲ. ಆ ಕಪಾಟುಗಳನ್ನು ಮೊದಲ ಸಲ ನೋಡಿದಾಗ ನಾನು ಒಂದೊಂದು ಪತ್ರಿಕೆಯ ಹೆಸರನ್ನೂ ಬೆರಳಿಟ್ಟು ಓದಿದ್ದೆ. ನಾವು ಏಳು ಜನ ಒಂದು ಪ್ರತಿಗೆ ತಿಂಗಳುಗಟ್ಟಲೆ ಕಾಯುತ್ತಿದ್ದೆವು. ಇಲ್ಲಿ ಆ ವಾರದ ಸಂಚಿಕೆ ಅದೇ ವಾರ ಮೇಜಿನ ಮೇಲೆ ಬಿದ್ದಿತ್ತು, ಅದರ ಪಕ್ಕದಲ್ಲಿ ಒಬ್ಬ ಹುಡುಗ ನಿದ್ದೆ ಮಾಡುತ್ತಿದ್ದ. ಅವನನ್ನು ಅಲ್ಲಾಡಿಸಿ ಎಬ್ಬಿಸಬೇಕೆನಿಸಿತು.

ಮಿಸ್ ಗಿಬ್ಸನ್ ಕಂದು ಚರ್ಮದ ದಪ್ಪ ಸಂಪುಟ ತಂದಿಟ್ಟರು. ಕಿಟಕಿ ಪಕ್ಕ ಕೂತು ಓದತೊಡಗಿದೆ. ಎರಡನೆಯ ಪುಟದಲ್ಲೇ ಆ ವಾಕ್ಯ ಇತ್ತು. ಧೂಳಿನಿಂದ ಸ್ವಲ್ಪ ದೂರವಾದ ಎದೆ ಮತ್ತೆ ಧೂಳಿಗೆ ಬಂದಾಗ ಬಿಗಿಯುತ್ತದೆ, ಆದ್ದರಿಂದ ರಜೆ ಮುಗಿದ ಮೊದಲ ಕೆಲಸದ ದಿನ ತೊಂದರೆ ಹೆಚ್ಚು. ಇಲ್ಲಿನ ಗಿರಣಿಗಳಿಗೆ ಭಾನುವಾರ ರಜೆ, ಹಾಗಾಗಿ ಸೋಮವಾರ.

ಒಮ್ಮೆ ಓದಿದೆ. ಇನ್ನೊಮ್ಮೆ ಓದಿದೆ. ಕಣ್ಣ ಮುಂದೆ ಮಿಸೆಸ್ ರಾಬರ್ಟ್‌ಸನ್ ನನ್ನ ಸೀರೆ ಮಡಚುತ್ತಾ ನಿಂತಿದ್ದರು. ಭಾನುವಾರ ಎಲ್ಲವೂ ನಿಲ್ಲುತ್ತದೆ. ಬನಹಟ್ಟಿಯಲ್ಲಿ ಭಾನುವಾರ ಏನು ನಿಲ್ಲುತ್ತದೆ? ಅಂಚೆ ಕಚೇರಿ ನಿಲ್ಲುತ್ತದೆ. ಮಗ್ಗಗಳು ನಿಲ್ಲುವುದು ಅಮಾವಾಸ್ಯೆಗೆ. ಆ ಒಂದು ದಿನ ಊರಿನ ಖಟಖಟ ಸದ್ದು ನಿಂತು, ಕಿವಿಗೆ ಏನೋ ಕಳೆದುಹೋದ ಹಾಗಾಗುತ್ತದೆ. ನಾನು ಅಲ್ಲೇ ಹುಟ್ಟಿ ಬೆಳೆದವಳ ಹಾಗೆ ಅದನ್ನು ಕೇಳಿಸಿಕೊಂಡಿದ್ದೆ. ಆದರೂ ಬಸವರಾಜನ ಕೈಗೆ ಇಂಗ್ಲಿಷರ ಸೋಮವಾರ ಕೊಟ್ಟು ಓಣಿ ಓಣಿ ತಿರುಗಿಸಿದ್ದೆ.

ನಾಚಿಕೆ, ಸಂತೋಷ ಎರಡೂ ಒಟ್ಟಿಗೆ ನುಗ್ಗಿದವು. ಸಂತೋಷವೇ ಒಂದು ತೂಕ ಹೆಚ್ಚು, ಸುಳ್ಳು ಹೇಳುವುದಿಲ್ಲ. ಕೈ ತಾನಾಗಿ ಚೀಲಕ್ಕೆ ಹೋಯಿತು. ಪೆನ್ಸಿಲ್ ಬಂತು. ‘ನಮ್ಮಲ್ಲಿ ಸೋಮವಾರ ಅಲ್ಲ. ಅಮಾವಾಸ್ಯೆ ಮರುದಿನ ಕೇಳಬೇಕಿತ್ತು. ತಪ್ಪು ನನ್ನದು’ ಎಂದು ಕೆಂಪಿನಲ್ಲಿ ಬರೆದು, ಕೆಳಗೆ ಎಂದಿನಂತೆ ಸಹಿ ಎಳೆದೆ. ತಲೆ ಎತ್ತಿದರೆ ಮಿಸ್ ಗಿಬ್ಸನ್ ನಿಂತಿದ್ದರು.

ಅವರು ಕೂಗಾಡಲಿಲ್ಲ. ಅದೇ ಕಷ್ಟವಾಯಿತು. ನಮ್ಮ ಕಡೆಯವರಾಗಿದ್ದರೆ ಎರಡು ಮಾತು ಬೈದು ಚಹಾ ಕುಡಿಸುತ್ತಿದ್ದರು. ಮಿಸ್ ಗಿಬ್ಸನ್ ಅಂಚನ್ನು ನೋಡಿದರು, ಪೆನ್ಸಿಲನ್ನು ನೋಡಿದರು, ಕೈ ಚಾಚಿದರು. ನಾನು ಪೆನ್ಸಿಲ್ ಕೊಡಲು ಹೋದೆ.

“ಅದಲ್ಲ. ನಿಮ್ಮ ಓದುಗರ ಚೀಟಿ” ಎಂದರು.

ಚೀಟಿ ಇಲ್ಲದೆ ಗ್ರಂಥಾಲಯವಿಲ್ಲ. ಗ್ರಂಥಾಲಯವಿಲ್ಲದೆ ಪಟ್ಟಿ ಇಲ್ಲ. ನಾನು ಮೆಟ್ಟಿಲಿಳಿದು ಹುಲ್ಲಿನ ಮೇಲೆ ಕೂತೆ. ಕೈಯಲ್ಲಿ ಪೆನ್ಸಿಲ್ ಹಾಗೆಯೇ ಇತ್ತು.

ಶುಕ್ರವಾರ

ಎರಡು ದಿನ ಯೋಚಿಸಿದೆ. ಗಂಟಿನಲ್ಲಿ ಬೇರೆ ಸಂಚಿಕೆಗಳಿದ್ದವು. ನೀಲಿ ಗುರುತಿನ, ಸಂದೇಹವೇ ಇಲ್ಲದ ಒಂದು ಲೇಖನ ತೋರಿಸಿ ಚಪ್ಪಾಳೆ ತೆಗೆದುಕೊಳ್ಳಬಹುದಿತ್ತು. ಡಾಕ್ಟರ್ ಮೆಕೇ ಸಹಿ ಹಾಕುತ್ತಿದ್ದರು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಕೆಂಪು ಗುರುತಿನ ಕೆಳಗೆ ಸಹಿ ಹಾಕಿದವರ ಮುಖಗಳು ಒಂದೊಂದಾಗಿ ಕಣ್ಣಿಗೆ ಬಂದವು. ಅವರಾರೂ ಇನ್ನು ಕೆಮ್ಮುವ ನೇಕಾರರಿಗೆ ಈ ಪ್ರಶ್ನೆ ಕೇಳುವುದಿಲ್ಲ. ಪದ್ಮಾ ಕೇಳಿ ನೋಡಿದ್ದಾಳೆ ಎಂದು ನಂಬಿ ಕೂತಿದ್ದಾರೆ.

ಶುಕ್ರವಾರ ನನ್ನ ಸರದಿ ಬಂದಾಗ ಆ ಸಂಚಿಕೆಯನ್ನೇ ಸುತ್ತಲೂ ಕಳಿಸಿದೆ. ಮೂಲ ಲೇಖನವನ್ನೂ ತೋರಿಸಬೇಕೆಂದು ನಾನು ಕೇಳಿಕೊಂಡಿದ್ದರಿಂದ ಸಂಪುಟವನ್ನು ತಾವೇ ಹಿಡಿದುಕೊಂಡು ಬಂದ ಮಿಸ್ ಗಿಬ್ಸನ್ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮ ಗಂಟು, ಬಸ್ಸು, ಕಂಡಕ್ಟರು, ಎರಡು ಬಣ್ಣ, ಎಲ್ಲ ಹೇಳಿದೆ. ಜನ ನಕ್ಕರು, ಖುಷಿಪಟ್ಟರು. ಆಮೇಲೆ, “ನೀವು ನೋಡುತ್ತಿರುವ ಈ ಕೆಂಪು ಗುರುತನ್ನು ನಿಮಗೆ ಹೆಮ್ಮೆಯಿಂದ ತೋರಿಸಲು ತಂದಿದ್ದೆ. ಅದು ತಪ್ಪು. ಬುಧವಾರ ತಿಳಿಯಿತು” ಎಂದೆ. ಅಮಾವಾಸ್ಯೆಯ ಕಥೆಯನ್ನೂ ಹೇಳಿದೆ.

ಡಾಕ್ಟರ್ ಮೆಕೇ ಕೇಳಿದರು, “ಇದರ ಕೆಳಗೆ ಸಹಿ ಹಾಕಿದವರಲ್ಲಿ ಯಾರೂ ನಿಮ್ಮನ್ನು ಪ್ರಶ್ನಿಸಲಿಲ್ಲವೇ?”

“ಇಲ್ಲ. ಅವರಿಗೆ ನನ್ನ ಮೇಲೆ ನಂಬಿಕೆ.”

“ನಿಮಗೆ ಯಾರ ಮೇಲೆ ನಂಬಿಕೆ ಇತ್ತು?”

“ಸಾರಾಂಶ ಬರೆದವರ ಮೇಲೆ” ಎಂದೆ. 

ಆಗ ಮಲೇಷ್ಯಾದ ಡಾಕ್ಟರು ಮೆಲ್ಲಗೆ ಕೈ ಎತ್ತಿ, “ನಮ್ಮ ಕಡೆ ರಜೆ ಶುಕ್ರವಾರ. ನಾವು ಹುಡುಗರಿಗೆ ಸೋಮವಾರ ಎಂದೇ ಕಲಿಸುತ್ತೇವೆ” ಎಂದರು. ಕೀನ್ಯಾದವರು ತಮ್ಮ ಊರಿನಲ್ಲಿ ಸಂತೆಯ ದಿನ ಕೆಲಸ ನಿಲ್ಲುತ್ತದೆ ಎಂದರು. ಶ್ರೀಲಂಕಾದವರು ಹುಣ್ಣಿಮೆಗೆ ರಜೆ ಎಂದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಕುರ್ಚಿಗಳು ಹತ್ತಿರ ಬಂದವು. ಆ ಸಪ್ಪೆ ಹಸಿರು ಗೋಡೆಯ ಕೋಣೆ ನಾವು ಡಾಕ್ಟರುಗಳು ಜಮಖಂಡಿಯಲ್ಲಿ ಸೇರುವ ರವಿವಾರದ ಬೈಠಕ್ಕೇ ಆಗಿಹೋಯಿತು. ಡಾಕ್ಟರ್ ಮೆಕೇ ಕಪ್ಪು ಹಲಗೆಯ ಮೇಲೆ ನಮ್ಮೆಲ್ಲರ ರಜೆಯ ದಿನಗಳನ್ನು ಬರೆಯುತ್ತಾ ಹೋದರು. ಸೋಮವಾರ ಎಂಬ ಪದ ಒಂದು ಮೂಲೆಯಲ್ಲಿ ಸಣ್ಣದಾಗಿ ಉಳಿಯಿತು. ನನಗೆ ಎದ್ದು ಎಲ್ಲರ ಕೈ ಕುಲುಕಬೇಕೆನಿಸಿತು. ಕುಲುಕಿಯೂ ಬಿಟ್ಟೆ.

ಎಲ್ಲ ಹೋದ ಮೇಲೆ ಮಿಸ್ ಗಿಬ್ಸನ್ ಸಂಪುಟ ತೆರೆದು ರಬ್ಬರ್ ಕೊಟ್ಟರು. ನಾನು ಉಜ್ಜಿದೆ. ಕೆಂಪು ಬಣ್ಣ ಜಿಗುಟು. ಅಕ್ಷರ ಹೋದರೂ ಗುಲಾಬಿ ಕಲೆ ಉಳಿಯಿತು. ಅವರು ಕನ್ನಡಕದ ಮೇಲಿಂದ ನೋಡಿ, “ನನ್ನ ಪುಸ್ತಕದಲ್ಲಿ ಬರೆದದ್ದು ಸರಿ ಇತ್ತು, ಅದನ್ನು ಅಳಿಸುತ್ತಿದ್ದೀರಿ. ನಿಮ್ಮ ಊರಿನಲ್ಲಿ ಬರೆದದ್ದು ತಪ್ಪು. ಅದನ್ನು ಯಾರು ಅಳಿಸುತ್ತಾರೆ?” ಎಂದರು. ಮೊದಲ ಸಲ ಅವರ ಬಾಯಲ್ಲಿ ಅಷ್ಟುದ್ದದ ಮಾತು ಕೇಳಿದ್ದು. ಆಮೇಲೆ ಚೀಟಿಯನ್ನು ನನ್ನ ಮುಂದೆ ಇಟ್ಟು, ಅದರ ಜೊತೆಗೆ ತೆಳು ನೀಲಿಯ ವಿಮಾನದ ಅಂಚೆ ಕಾಗದವನ್ನೂ ಇಟ್ಟರು.

ಅಲ್ಲೇ ಕೂತು ದೇಸಾಯಿಯವರಿಗೆ ಬರೆದೆ. ‘ಈ ಕಾಗದವನ್ನು ನಾಲ್ಕೂ ಊರಿಗೆ ಕಳಿಸಿರಿ. ಅರ್ಧ ಪುಟದ ಆ ಸಾರಾಂಶಕ್ಕೆ ನಾನು ಹಾಕಿದ ಕೆಂಪು ಗುರುತನ್ನು ಯಾರೂ ನಂಬಬಾರದು. ಕಾರಣ ಕೆಳಗಿದೆ.’ ಕಾರಣ ಬರೆಯಲು ಕಾಗದದ ಮಡಿಕೆಯವರೆಗೂ ಜಾಗ ಬೇಕಾಯಿತು.

ಉಳಿದ ಮೂರು ವಾರ ನಾನು ಗ್ರಂಥಾಲಯದಲ್ಲೇ ಕೂತೆ. ಮನಸ್ಸಿನಲ್ಲಿ ಇಪ್ಪತ್ತು ಪತ್ರಿಕೆಗಳ ಪಟ್ಟಿ ಇತ್ತು. ಅದು ಕರಗಿ ಐದಾಯಿತು. ಎಲ್ಲ ಕಾಯಿಲೆಗಳ ಒಂದು ವಾರಪತ್ರಿಕೆ, ನಮ್ಮ ದೇಶದ್ದೇ ಒಂದು ಮಾಸಪತ್ರಿಕೆ, ಮಕ್ಕಳದ್ದೊಂದು, ದುಡಿಯುವವರ ಕಾಯಿಲೆಗಳದ್ದೊಂದು, ಶಿಕ್ಷಕರಿಗೆ ಕಲಿಸುವ ಬಗೆಯ ಬಗ್ಗೆ ಒಂದು. ಸಾರಾಂಶ ಓದಿ ಗುರುತು ಹಾಕುವಂತಿಲ್ಲ, ಮೂಲ ಲೇಖನ ತರಿಸಿಕೊಳ್ಳಬೇಕು. ಸಹಿ ಹಾಕುವವನು ತಾನೂ ಒಬ್ಬ ರೋಗಿಯನ್ನು ಕೇಳಿರಬೇಕು. ಪ್ರತಿ ಲೇಖನದ ಮುಂದೆ ಒಂದು ಖಾಲಿ ಕಲಂ ಎಳೆದು ‘ನಮ್ಮಲ್ಲಿ ಕೇಳಬೇಕಾದ ಪ್ರಶ್ನೆ’ ಎಂದು ತಲೆಬರಹ ಕೊಟ್ಟೆ. ಡಾಕ್ಟರ್ ಮೆಕೇ ಆ ಖಾಲಿ ಕಲಮಿನ ಕೆಳಗೇ ಸಹಿ ಹಾಕಿದರು.

ಹೊರಡುವ ದಿನ ಮಿಸೆಸ್ ರಾಬರ್ಟ್‌ಸನ್ ನನ್ನ ಕೆಂಪಂಚಿನ ಸೀರೆಯನ್ನು ಇಸ್ತ್ರಿ ಮಾಡಿ ಕೊಟ್ಟರು. ಅವತ್ತು ಸೋಮವಾರ. ಅವರಿಗೆ ಎಷ್ಟು ಕೆಲಸವಿತ್ತೆಂದು ನನಗೆ ಗೊತ್ತಿತ್ತು.

ಬನಹಟ್ಟಿ: ಅಮಾವಾಸ್ಯೆ ಮರುದಿನ

ಪಟ್ಟಿ ಪ್ರಿನ್ಸಿಪಾಲರಿಗೆ ಹೋಯಿತು. ಹುಡುಗರು ನಮ್ಮಲ್ಲೇ ಉಳಿದರು. ಐದು ಪತ್ರಿಕೆಗಳಲ್ಲಿ ಮೂರನ್ನು ಕಾಲೇಜೇ ತರಿಸಿ ನಮ್ಮ ಗಂಟಿಗೆ ಸೇರಿಸಿತು. ಗಂಟು ದಪ್ಪವಾಯಿತೆಂದು ಕಂಡಕ್ಟರುಗಳು ಗೊಣಗಿದರು.

ನನ್ನ ಅಂಚೆ ಕಾಗದ ನನಗಿಂತ ಮೊದಲೇ ಮುಟ್ಟಿತ್ತು. ದೇಸಾಯಿಯವರು ಅದನ್ನು ನಾಲ್ಕೂ ಊರಿಗೆ ಕಳಿಸಿ, ಅದರ ಮೇಲೆಯೇ ಎಲ್ಲರಿಂದಲೂ ಹೊಸ ಸಹಿ ತರಿಸಿದ್ದರು. ನಾನು ಅವರೆದುರು ತಲೆ ತಗ್ಗಿಸಿ ಕೂತಾಗ, “ನಾನೂ ಸಹಿ ಹಾಕಿದ್ನಲ್ಲವಾ. ಮೂವತ್ತ ವರ್ಷ ನೇಕಾರರ ನಾಡಿ ಹಿಡದೇನಿ. ಅಮಾಸಿ ನನಗೂ ಹೊಳೀಲಿಲ್ಲ” ಎಂದರು. ಕಾಗದ ಮಡಚಿ ನನ್ನ ಕೈಗಿಟ್ಟು, “ಇನ್ನ ಬನಹಟ್ಟಿಗೆ ಹೋಗಿ ಕೇಳು. ಬರೇ ಅಮಾಸಿ ಅಂತ ಬರದು ಮತ್ತ ಕುಂದರಬ್ಯಾಡ” ಎಂದರು.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನಾನು, ಬಸವರಾಜ ಗಂಗವ್ವನ ಓಣಿಗೆ ಹೋದೆವು. ಒಂದು ದಿನದ ಮೌನ ಮುಗಿದು ಊರಿಗೆ ಊರೇ ಖಟಖಟ ಎನ್ನುತ್ತಿತ್ತು. ಗಂಗವ್ವ ಬಾಗಿಲ ಒಳಗೆ ರಾಟಿಯ ಮುಂದೆ ಕೂತಿದ್ದಳು. ಬಿಸಿಲುಕೋಲಿನಲ್ಲಿ ನೂಲಿನ ಧೂಳು ಹಾರಾಡುವುದು ಕಾಣುತ್ತಿತ್ತು. ಅದನ್ನು ನಾನು ಎಷ್ಟು ಸಲ ನೋಡಿದ್ದೆನೋ. ಅವಳ ಒಂದು ಕೈ ರಾಟಿಯ ಮೇಲೆ, ಇನ್ನೊಂದು ಕೈ ಎದೆಯ ಮೇಲೆ ಇತ್ತು.

ಬಸವರಾಜ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. “ಗಂಗವ್ವಾರ, ಅಮಾಸಿ ರಜಾ ಮುಗಿಸಿ ಮತ್ತ ಕೆಲಸಕ್ಕ ಕುಂತ ದಿನ ಎದಿ ಹೆಂಗಿರತೈತ್ರಿ?”

ಅವಳು ರಾಟಿ ನಿಲ್ಲಿಸಿದಳು. “ಬಿಗಿತೈತಿ ನೋಡಪಾ. ಹಗ್ಗ ಹಾಕಿ ಜಗ್ಗಿದಂಗ. ಸಂಜೀಕ ಅಂತೂ ಉಸರ ಆಡಾಕ ಬರೂದಿಲ್ಲ. ಎರಡ ಮೂರ ದಿನ ಆದ ಮ್ಯಾಲೆ ಸಡಲ ಆಗತೈತಿ.”

“ಎಷ್ಟ ದಿನದಿಂದ್ರಿ?”

“ನಾಕೈದ ವರ್ಷ ಆತು. ಈ ಓಣ್ಯಾಗ ನನಗೊಬ್ಬಾಕಿಗೆ ಏನಲ್ಲ.”

ಬಸವರಾಜ ನನ್ನ ಮುಖ ನೋಡಿದ. ನಾನು ಗಂಗವ್ವನ ಪಕ್ಕ ನೆಲದ ಮೇಲೆ ಕೂತೆ. ಎರಡು ವರ್ಷ ಆ ಸಿಹಿ ಔಷಧದ ಬಾಟಲಿಗಳನ್ನು ಬರೆದು ಕೊಟ್ಟ ಕೈ ನನ್ನದೇ.

“ಗಂಗವ್ವಾ, ಇದನ್ನ ನನಗ ಆಗ ಯಾಕ ಹೇಳಲಿಲ್ಲಬೇ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಸಿಟ್ಟಿನಿಂದಲ್ಲ. ಇಷ್ಟು ಓದಿದವಳಿಗೆ ಇಷ್ಟು ಸಣ್ಣ ವಿಷಯ ಬಿಡಿಸಿ ಹೇಳಬೇಕೇ ಎನ್ನುವ ಹಾಗೆ.

“ನೀವು ಸೋಮಾರದ್ದ ಕೇಳಿದ್ರಿ ಅಕ್ಕಾರ. ನಾ ಸೋಮಾರದ್ದ ಹೇಳಿದೆ.”

ನಾವು ಮೊದಲು ಅವಳ ರಾಟಿಯನ್ನು ಎತ್ತಿ ಕಿಟಕಿಯ ಹತ್ತಿರ ಗಾಳಿಗೆ ಇಟ್ಟೆವು. ಆಮೇಲೆ ನಾನು ಚೀಲದಿಂದ ಪೆನ್ಸಿಲ್ ತೆಗೆದು, ನೀಲಿ ತುದಿಯನ್ನು ಚೂಪು ಮಾಡಿ ಬಸವರಾಜನ ಕೈಗೆ ಕೊಟ್ಟೆ. ಅವನು ಅದನ್ನು ತೆಗೆದುಕೊಂಡು ಜೇಬಿಗೆ ಹಾಕಿದ, ಏನೂ ಬರೆಯಲಿಲ್ಲ. “ಇನ್ನೂ ಒಂದ ಓಣಿ ಕೇಳೂಣ್ರಿ ಮೇಡಂ” ಎಂದು ಮುಂದಿನ ಓಣಿಯ ಕಡೆ ನಡೆದ. ನಾನು ಅವನ ಹಿಂದೆ ಹೋದೆ.